ಹಳೆಯ ಜಾಡಿಯಲ್ಲಿರುವ ಆಳಸಮುದ್ರದ ಕಡಲಸೌತೆ: ಆಸಿಕಲ್ ಸಿಗದಿದ್ದರೆ ವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ತೊಗರಿಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಕಾಲೇಜುಗಳ ಗುಣಮಟ್ಟ ಪರಿಶೀಲಿಸುವ ನ್ಯಾಕ್ ತಂಡ ಬರುವುದರೊಳಗೆ ವಿಭಾಗದ ಸಂಗ್ರಹಾಲಯದ ಪಟ್ಟಿಯನ್ನು ಹೊಸದಾಗಿ ಬರೆದು ಮುಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಪಾಟಿನ ಕೆಳಹಲಗೆಯ ಮೂಲೆಯಲ್ಲಿ ಮೇಣ ಹಚ್ಚಿ ಮುಚ್ಚಿದ ಜಾಡಿಯೊಂದಿದ್ದು, ಹಳೆಯ ಪಟ್ಟಿಯಲ್ಲಿ ಅದರ ಎದುರು ‘ಹೊಲೊತೂರಿಯ, 1’ (ಅಂದರೆ ಒಂದು ಕಡಲಸೌತೆ, ಸೀ ಕುಕುಂಬರ್) ಎಂದಷ್ಟೇ ಇದೆ. ಒಳಗಿರುವ ಪ್ರಾಣಿಯಾದರೋ ನಾವು ಪಾಠದಲ್ಲಿ ತೋರಿಸುವ, ದಪ್ಪ ಚರ್ಮದ, ಕರಾವಳಿಯ ಹೊಲೊತೂರಿಯವನ್ನು ಹೋಲುವುದೇ ಇಲ್ಲ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಕುಳಿತು ಕಡಲಸೌತೆಯ ಬಗ್ಗೆ ಕೇಳುವುದು ವಿಚಿತ್ರವೆನಿಸಬಹುದು. ಜಾಡಿ ಇಲ್ಲಿರುವುದರಿಂದ ಪ್ರಶ್ನೆಯೂ ಇಲ್ಲಿಂದಲೇ ಏಳಬೇಕಾಯಿತು.

ಕಂಡದ್ದನ್ನು ಬರೆಯುತ್ತೇನೆ. ಉದ್ದ 14.5 ಸೆಂಟಿಮೀಟರ್, ಅಗಲ ಹೆಚ್ಚೆಂದರೆ 4 ಸೆಂಟಿಮೀಟರ್. ಹೊಟ್ಟೆಯ ಭಾಗ ಚಪ್ಪಟೆ, ಬೆನ್ನು ಸ್ವಲ್ಪ ಉಬ್ಬು. ಮೈ ಜೆಲ್ಲಿಯಂತಿದ್ದು, ಒತ್ತಿದರೆ ಬೆರಳಿನ ಗುರುತು ಉಳಿಯುತ್ತದೆ. ಬಣ್ಣ ಮಾಸಲು ಬಿಳಿ. ಮಡಿಕೆಗಳ ಒಳಗೆ ಮಾತ್ರ ನೇರಳೆಯ ಛಾಯೆ ಇದೆ. ಬಾಯಿ ಕೆಳಮುಖವಾಗಿದೆ, ಅದರ ಸುತ್ತ ಆಹಾರ ಹಿಡಿಯುವ ಬೆರಳಿನಂಥ 16 ಟೆಂಟಕಲ್‌ಗಳನ್ನು ಎಣಿಸಿದೆ. ಎರಡು ಕಡೆ ಹರಿದ ಗುರುತುಗಳಿವೆ. ಹೊಟ್ಟೆಯ ನಡುಗೆರೆಯ ಉದ್ದಕ್ಕೂ ಕೊಳವೆಪಾದಗಳ, ಅಂದರೆ ನಡೆಯಲು ನೆರವಾಗುವ ಮೆತ್ತನೆಯ ಸಣ್ಣ ಕೊಳವೆಗಳ, ಎರಡು ಸಾಲುಗಳಿವೆ. ಮೈಯ ಅಂಚಿನಲ್ಲಿ ತೆಳುವಾದ ಪಟ್ಟಿಯೊಂದು ಸುತ್ತಲೂ ಹರಿದಿದೆ. ಹಿಂತುದಿಯ ಹತ್ತಿರ ಸುಮಾರು 2 ಸೆಂಟಿಮೀಟರ್ ಉದ್ದದ ಬಾಲದಂಥ ಭಾಗವಿದ್ದು, ಅದರ ಕೊನೆ ಹರಿದುಹೋಗಿದೆ.

ಜಾಡಿಯೊಳಗಿನ ಚೀಟಿ ಉರ್ದುವಿನಲ್ಲಿದೆ. ನಮ್ಮ ಉರ್ದು ವಿಭಾಗದವರು ‘ಸಮಂದರೀ ಖೀರಾ’ (ಕಡಲಸೌತೆ), ‘ಖಲೀಜ್-ಎ-ಬಂಗಾಲ್’ (ಬಂಗಾಳ ಕೊಲ್ಲಿ), ‘ಫ್ಯಾದಮ್’ (ಸಮುದ್ರದ ಆಳದ ಹಳೆಯ ಅಳತೆ) ಎಂಬ ಮಾತುಗಳನ್ನು ಓದಿಕೊಟ್ಟರು. ಆಳ 120 ಎಂದಿದೆಯೋ 1200 ಎಂದಿದೆಯೋ ಸ್ಪಷ್ಟವಿಲ್ಲ. ಕೆಳಗೆ 1341 ಎಂಬ ಸಂಖ್ಯೆಯೂ ಅದರ ಪಕ್ಕದಲ್ಲಿ ಮಾಸಿದ ಒಂದು ಅಕ್ಷರವೂ ಇವೆ.

ಕಡಲಸೌತೆಯನ್ನು ಗುರುತಿಸಲು ಚರ್ಮದೊಳಗಿನ ಸುಣ್ಣದ ಸೂಕ್ಷ್ಮ ಮೂಳೆಗಳು, ಅಂದರೆ ಆಸಿಕಲ್‌ಗಳು, ಮುಖ್ಯವೆಂದು ಓದಿದ್ದೆ. ಹೊಟ್ಟೆಯ ಭಾಗದಿಂದ 2 ಮಿಲಿಮೀಟರಿನ ಚೂರೊಂದನ್ನು ಕತ್ತರಿಸಿ, ಅಂಗಡಿಯಲ್ಲಿ ಸಿಗುವ ಬ್ಲೀಚ್‌ನಲ್ಲಿ ಅರ್ಧ ಗಂಟೆ ಇಟ್ಟು, ಮೂರು ಸಲ ತೊಳೆದು ಸ್ಲೈಡಿನ ಮೇಲೆ ನೋಡಿದರೆ ಕೆಲವು ಚೌಕ ಹರಳುಗಳ ಹೊರತು ಏನೂ ಇರಲಿಲ್ಲ. ಹಾಗಾದರೆ ಇದು ಆಸಿಕಲ್ ಇಲ್ಲದ ಜಾತಿಯೇ? ವಿವರಣೆಯಲ್ಲಿ ‘ಆಸಿಕಲ್ ಇಲ್ಲ’ ಎಂದು ಬರೆಯಬಹುದೇ? ಪಟ್ಟಿಯಲ್ಲಿ ಯಾವ ಹೆಸರು ಹಾಕಲಿ?

ಉತ್ತರ: ಎಂಎಸ್ಸಿ ವಿದ್ಯಾರ್ಥಿ, ಯಾದಗಿರಿ

ಮೇಡಂ, ಬಾಲವಿದೆ ಎಂದಿದ್ದೀರಿ. ಮಾಲ್ಪಾಡಿಯ ಗುಂಪಿನ ಕಡಲಸೌತೆಗಳಿಗೆ ಬಾಲವಿರುತ್ತದೆ ಮತ್ತು ಅವು ಆಳದಲ್ಲಿಯೂ ಸಿಗುತ್ತವೆ ಎಂದು ಓದಿದ್ದೇನೆ. ಅದೇ ಇರಬಹುದೇ?

ಉತ್ತರ: ಕಡಲತಳ, ಹುಟ್ಟೂರು ಬೀದರ ಜಿಲ್ಲೆ, ಈಗ ಕೊಚ್ಚಿ

ಮೊದಲು ಯಾದಗಿರಿಯ ಗೆಳೆಯರಿಗೆ ಒಂದು ಮಾತು. ಮಾಲ್ಪಾಡಿಯದ ಬಾಲ ಎಂದರೆ ಮೈಯೇ ಸಪೂರವಾಗಿ ಮುಂದುವರಿದ ಭಾಗ. ಗುದದ್ವಾರ ಅದರ ತುದಿಯಲ್ಲಿರುತ್ತದೆ, ಮೈಮೇಲೆ ಕೊಳವೆಪಾದಗಳು ಇರುವುದಿಲ್ಲ. ಇಲ್ಲಿ ಕೊಳವೆಪಾದಗಳ ಸಾಲುಗಳೇ ಇವೆ. ಈ ‘ಬಾಲ’ದ ಬುಡ ಬೆನ್ನಿನ ಮೇಲಿದೆಯೇ, ಗುದದ್ವಾರ ಅದರ ಕೆಳಗೆ ಬೇರೆಯಾಗಿ ಕಾಣುತ್ತದೆಯೇ ಎಂಬುದನ್ನು ಮೇಡಂ ನೋಡಿ ಹೇಳಬೇಕು. ಹಾಗಿದ್ದರೆ ಅದನ್ನು ಬಾಲವೆಂದು ಕರೆಯುವುದನ್ನು ಈಗಲೇ ಬಿಟ್ಟು ‘ಬೆನ್ನಿನ ಅನುಬಂಧ’ ಎಂದು ಬರೆಯಬೇಕು, ಏಕೆಂದರೆ ವಿವರಣೆಯಲ್ಲಿ ಬಳಸಿದ ಒಂದು ಸಡಿಲ ಪದ ಓದುವವನನ್ನು ಬೇರೊಂದು ಗಣಕ್ಕೇ ಕರೆದೊಯ್ಯುತ್ತದೆ. ಈಗ ಆದದ್ದೂ ಅದೇ.

ಇನ್ನು ಮೇಡಂ ಅವರ ಮುಖ್ಯ ಪ್ರಶ್ನೆ. ‘ಆಸಿಕಲ್ ಇಲ್ಲ’ ಎಂದು ದಯವಿಟ್ಟು ಬರೆಯಬೇಡಿ; ‘ಪರೀಕ್ಷಿಸಿದ ಚೂರಿನಲ್ಲಿ ಆಸಿಕಲ್ ಕಂಡುಬರಲಿಲ್ಲ’ ಎಂದು ಬರೆಯಿರಿ. ಆಸಿಕಲ್‌ಗಳೇ ಇಲ್ಲದ ಕಡಲಸೌತೆಗಳು ನಿಜಕ್ಕೂ ಇವೆ: ನೀರಿನಲ್ಲಿ ತೇಲುತ್ತಲೇ ಬದುಕುವ ಪೆಲಾಜೊತೂರಿಯ ಅಂಥದ್ದು, ಮತ್ತು ಸ್ಯೂಡೊಸ್ಟಿಕೋಪಸ್ ಕುಲದ ಹಲವು ಜಾತಿಗಳ ಮೈಗೋಡೆಯಲ್ಲಿ ಅವು ಸಿಗುವುದಿಲ್ಲ. ಆದರೆ ನಿಮ್ಮ ಜಾಡಿಯ ಮಟ್ಟಿಗೆ ಅದಕ್ಕಿಂತ ಸರಳವಾದ ಕಾರಣಗಳು ಮೊದಲು ಪರಿಶೀಲನೆಯಾಗಬೇಕು. ದ್ರವಕ್ಕೆ ಫಾರ್ಮಲಿನ್ ವಾಸನೆ ಇದೆಯೇ? ಬಫರ್ (ಆಮ್ಲತೆ ತಡೆಯುವ ವಸ್ತು) ಸೇರಿಸದ ಫಾರ್ಮಲಿನ್ ಕಾಲ ಕಳೆದಂತೆ ಫಾರ್ಮಿಕ್ ಆಮ್ಲವಾಗುತ್ತದೆ, ಆಸಿಕಲ್‌ಗಳು ಕ್ಯಾಲ್ಸೈಟ್, ಆಮ್ಲದಲ್ಲಿ ಕ್ಯಾಲ್ಸೈಟ್ ಕರಗುತ್ತದೆ. ಪ್ರಾಣಿಯ ಹೊರರೂಪ ಹಾಗೆಯೇ ಉಳಿದು, ಅದನ್ನು ಗುರುತಿಸಲು ಬೇಕಾದ ಸಾಕ್ಷ್ಯ ಮಾತ್ರ ಒಳಗೊಳಗೇ ಕರಗಿಹೋದ ಜಾಡಿಗಳು ಈ ದೇಶದ ಕಾಲೇಜುಗಳಲ್ಲಿ ಬೇಕಾದಷ್ಟಿವೆ. ಒಂದು ಲಿಟ್ಮಸ್ ಕಾಗದ ಅದ್ದಿ ನೋಡಿ.

ಎರಡನೆಯದಾಗಿ, ತೊಳೆದ ನೀರು ಎಲ್ಲಿಗೆ ಹೋಯಿತು? ಆಸಿಕಲ್‌ಗಳು ತಳಕ್ಕಿಳಿಯಲು ಸಮಯ ಬೇಕು. ನೀರನ್ನು ಬಗ್ಗಿಸಿ ಚೆಲ್ಲಿದ್ದರೆ ಅವೂ ಸಿಂಕಿನ ಪಾಲಾಗಿರುತ್ತವೆ. ಕಿರಿದಾದ ಟ್ಯೂಬಿನಲ್ಲಿ ತಳ ಕಚ್ಚಲು ಬಿಟ್ಟು, ಮೇಲಿನ ನೀರನ್ನು ಡ್ರಾಪರಿನಿಂದ ನಿಧಾನವಾಗಿ ತೆಗೆದು, ಭಟ್ಟಿ ಇಳಿಸಿದ ನೀರಿನಲ್ಲಿ ನಾಲ್ಕೈದು ಸಲ ತೊಳೆದು, ಕೊನೆಗೆ ಆಲ್ಕೊಹಾಲ್ ಹಾಕಿ ಸ್ಲೈಡಿನ ಮೇಲೆ ಒಣಗಿಸಿ. ಚೌಕ ಹರಳುಗಳು ಬಂದಿವೆ ಎಂದರೆ ತೊಳೆದದ್ದು ಸಾಲದು. ಅವು ಬ್ಲೀಚ್ ಬಿಟ್ಟುಹೋದ ಉಪ್ಪು. ಬ್ಲೀಚ್ ಕೂಡ ಬಿಸಿಲಿನಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಅಂಗಡಿಯ ಮುಂಗಟ್ಟಿನಲ್ಲಿ ನಿಂತ ಬಾಟಲಿಯನ್ನು ನಾನು ನಂಬುವುದಿಲ್ಲ. ಇನ್ನೊಂದು ಎಚ್ಚರಿಕೆ: ಆಮ್ಲವಾಗಿರುವ ಫಾರ್ಮಲಿನ್‌ನಿಂದ ತೆಗೆದ ಚೂರನ್ನು ನೇರವಾಗಿ ಬ್ಲೀಚ್‌ಗೆ ಹಾಕಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಿ ತೊಳೆಯಿರಿ, ಕಿಟಕಿ ತೆರೆದಿಡಿ.

ಮೂರನೆಯದಾಗಿ, ಹೊಟ್ಟೆಯ ಒಂದೇ ಚೂರು ಸಾಲದು. ಕಡಲಸೌತೆಯಲ್ಲಿ ಮೈಯ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಆಸಿಕಲ್ ಇರುವುದರಿಂದ ಬೆನ್ನು, ಹೊಟ್ಟೆ, ಟೆಂಟಕಲ್, ಅನುಬಂಧ ಎಲ್ಲದರಿಂದಲೂ ಬೇರೆ ಬೇರೆ ಸ್ಲೈಡ್ ಆಗಬೇಕು, ಯಾವುದು ಎಲ್ಲಿಯದೆಂದು ಗುರುತು ಹಾಕಿರಬೇಕು. ದಪ್ಪ ಭಾಗದ ಒಳಪದರದಲ್ಲಿ ಕೆಲವಾದರೂ ಉಳಿದಿರುವ ಸಾಧ್ಯತೆ ಇದೆ.

ಏನನ್ನು ಹುಡುಕಬೇಕೆಂದು ತಿಳಿದಿದ್ದರೆ ಕಣ್ಣಿಗೆ ಬೀಳುವುದು ಸುಲಭ. ಕೆಳಮುಖದ ಬಾಯಿ, ಜೆಲ್ಲಿಯಂಥ ಮೈ, ಕೊಳವೆಪಾದಗಳು ಕೂಡಿಕೊಂಡು ಆದ ಅಂಚುಪಟ್ಟಿ, ನಡುಗೆರೆಯ ಪಾದಗಳು: ಇಷ್ಟೂ ಸೇರಿದರೆ ಎಲಾಸಿಪೋಡಿಡ ಗಣದ ಸೈಕ್ರೊಪೋಟಿಡೇ ಕುಟುಂಬ ನೆನಪಾಗುತ್ತದೆ. ‘ಸಮುದ್ರದ ಹಂದಿ’ ಎಂದು ಹೆಸರಾದ ಸ್ಕೋಟೊಪ್ಲೇನೀಸ್ ಇರುವ ಎಲ್ಪಿಡಿಡೇ ಕುಟುಂಬದಲ್ಲಿ ಹೊಟ್ಟೆಯ ನಡುಗೆರೆ ಬರಿದಾಗಿರುತ್ತದೆ, ಪಾದಗಳು ಕೆಲವೇ ಮತ್ತು ದೊಡ್ಡವು. ಲೆಟ್ಮೊಗೊನಿಡೇಯಲ್ಲಿ ಚಕ್ರದಾಕಾರದ ಆಸಿಕಲ್‌ಗಳು ಸಿಗುತ್ತವೆ. ಸೈಕ್ರೊಪೋಟಿಡೇಯಲ್ಲಿ ನೀವು ಹುಡುಕಬೇಕಾದದ್ದು ನಾಲ್ಕು ತೋಳಿನ, ಮುಳ್ಳು ಮುಳ್ಳಾದ ಶಿಲುಬೆಯಾಕಾರಗಳನ್ನು. ಅವುಗಳ ನಡುವಿನಿಂದ ಒಂದು ಮೊನೆ ಮೇಲೆದ್ದಿರುತ್ತದೆ. ಈ ಕುಟುಂಬದ ಬೆಂಥೊಡೈಟೀಸ್‌ಗೆ ಬೆನ್ನಿನ ಒಂಟಿ ಅನುಬಂಧವಿಲ್ಲ, ಸೈಕ್ರೊಪೋಟೀಸ್‌ಗೆ ಇದೆ. ಆದ್ದರಿಂದ ಹರಿದ ಆ 2 ಸೆಂಟಿಮೀಟರೇ ನಿಮ್ಮ ಜಾಡಿಯಲ್ಲಿರುವ ಬೆಲೆಯುಳ್ಳ ತುಂಡು.

ಪುಸ್ತಕಗಳ ಬಗ್ಗೆ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. 1872ರಿಂದ 1876ರವರೆಗೆ ನಡೆದ, ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನ ಸಮುದ್ರಶೋಧ ಯಾನದ ಸಂಗ್ರಹವನ್ನು ಆಧರಿಸಿ ಹ್ಯಾಲ್ಮಾರ್ ಥೀಲ್ 1882ರಲ್ಲಿ ಬರೆದ ವರದಿಯಲ್ಲಿ ಈ ಪ್ರಾಣಿಗಳ ಮೂಲ ವಿವರಣೆಗಳಿವೆ. ನಮ್ಮ ಸಮುದ್ರಗಳಿಗೆ ಸಂಬಂಧಿಸಿದಂತೆ, ಇನ್ವೆಸ್ಟಿಗೇಟರ್ ಎಂಬ ಸಮೀಕ್ಷಾ ಹಡಗು ಎತ್ತಿದ ಆಳಸಮುದ್ರದ ಕಡಲಸೌತೆಗಳ ಬಗ್ಗೆ ಕೋಹ್ಲರ್ ಮತ್ತು ವಾನೇ ಬರೆದ ಗ್ರಂಥವನ್ನು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂ 1905ರಲ್ಲಿ ಪ್ರಕಟಿಸಿತು. ಗಣವನ್ನೆಲ್ಲ ಮತ್ತೆ ಜಾಲಾಡಿದ್ದು 1975ರಲ್ಲಿ ಹ್ಯಾನ್ಸೆನ್. ಹಳೆಯ ಹೆಸರುಗಳು ಈಗ ಸಲ್ಲುತ್ತವೆಯೇ ಎಂಬುದನ್ನು ಸಮುದ್ರಜೀವಿಗಳ ಹೆಸರುಗಳ ಜಾಗತಿಕ ಪಟ್ಟಿಯಾದ ವರ್ಮ್ಸ್ (WoRMS) ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಉತ್ತರ: ಶಹಾಬಾದ್ ಕಲ್ಲು, ಸೇಡಂ

ನಾನು ಭೂವಿಜ್ಞಾನದವನು, ಪ್ರಾಣಿಯ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ; ಹರಳಿನ ಬಗ್ಗೆ ಇದೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲೂ ನಿಮ್ಮ ಆಸಿಕಲ್ಲೂ ಬಹುಪಾಲು ಒಂದೇ ಖನಿಜ, ಕ್ಯಾಲ್ಸೈಟ್. ಹತ್ತಿರದ ಯಾವುದಾದರೂ ಭೂವಿಜ್ಞಾನ ವಿಭಾಗದಲ್ಲಿ ಧ್ರುವೀಕರಣ ಸೂಕ್ಷ್ಮದರ್ಶಕ ಇದ್ದೇ ಇರುತ್ತದೆ. ಎರಡು ಪೋಲರಾಯ್ಡ್‌ಗಳನ್ನು ಅಡ್ಡಡ್ಡ ಇಟ್ಟಾಗ ಉಪ್ಪಿನ ಹರಳು ಕತ್ತಲಲ್ಲಿ ಮಾಯವಾಗುತ್ತದೆ, ಕ್ಯಾಲ್ಸೈಟ್ ಹೊಳೆಯುತ್ತದೆ. ವೇದಿಕೆಯನ್ನು ತಿರುಗಿಸಿದರೆ ಒಂದೊಂದು ಆಸಿಕಲ್ ಇಡಿಯಾಗಿ ಆರುತ್ತದೆ, ಇಡಿಯಾಗಿ ಹೊತ್ತಿಕೊಳ್ಳುತ್ತದೆ, ಏಕೆಂದರೆ ಅದೆಷ್ಟೇ ತೂತು ತೋಳುಗಳಿದ್ದರೂ ಬೆಳಕಿನ ಮಟ್ಟಿಗೆ ಅದು ಒಂದೇ ಹರಳು. ಕಪ್ಪು ಹಿನ್ನೆಲೆಯ ಮೇಲೆ ಬೆಳ್ಳಿಯ ಎಳೆ ಕೂರಿಸಿದ ಬಿದರಿ ಹೂಜಿ ನೋಡಿದ್ದೀರಲ್ಲ, ಸ್ಲೈಡು ಹಾಗೆಯೇ ಕಾಣುತ್ತದೆ. ಸವೆದು ಅರ್ಧವಾಗಿರುವ ಆಸಿಕಲ್‌ಗಳನ್ನು ಸಾಮಾನ್ಯ ಬೆಳಕಿನಲ್ಲಿ ದಾಟಿ ಹೋಗುವ ಕಣ್ಣು ಇಲ್ಲಿ ಅವನ್ನು ಬಿಡುವುದಿಲ್ಲ.

ಒಂದು ಸಲಹೆಯೂ ಇದೆ. ನಿಮ್ಮ ಸಂಗ್ರಹಾಲಯದಲ್ಲಿ ಒಣಗಿದ ನಕ್ಷತ್ರಮೀನು ಇದ್ದರೆ ಅದರ ಒಂದು ಚೂರನ್ನೂ ಅದೇ ಬ್ಲೀಚ್‌ನಲ್ಲಿ ಅದೇ ರೀತಿ ಮಾಡಿ ನೋಡಿ. ಅದರಲ್ಲಿ ಸುಣ್ಣದ ಚೂರುಗಳು ಸಿಕ್ಕರೆ ನಿಮ್ಮ ವಿಧಾನ ಸರಿಯಿದೆ, ದೋಷ ಜಾಡಿಯದು.

ಉತ್ತರ: ನಿವೃತ್ತ ಶಿಕ್ಷಕ, ಬೀದರ

ತಂಗಿ, ಚೀಟಿಯ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಉರ್ದುವಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೇ ಆಗ ಉರ್ದು ಆಗಿತ್ತು. ಆದ್ದರಿಂದ ಇಂಥ ಚೀಟಿ ಇರುವುದು ಆಶ್ಚರ್ಯವಲ್ಲ. 1341ರ ಪಕ್ಕದ ಅಕ್ಷರ ಯಾವುದೆಂಬುದರ ಮೇಲೆ ಎಲ್ಲವೂ ನಿಂತಿದೆ. ಅದು ‘ಫೇ’ ಆಗಿದ್ದರೆ ಫಸಲಿ ವರ್ಷ, ಸಂಸ್ಥಾನದ ಕಚೇರಿಗಳಲ್ಲಿ ಬಳಕೆಯಲ್ಲಿದ್ದದ್ದು. ಅದಕ್ಕೆ 590 ಕೂಡಿಸಿದರೆ 1931-32 ಆಗುತ್ತದೆ. ಅದು ‘ಹೇ’ ಆಗಿದ್ದರೆ ಹಿಜರಿ, ಆಗ 1922-23. ‘ಫೇ’ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ, ಭೂತಗನ್ನಡಿ ಹಿಡಿದು ನೋಡು.

ಆಳದ ಸಂಖ್ಯೆಯಲ್ಲಿಯೂ ಚುಕ್ಕೆಯದೇ ತೊಡಕು. ಉರ್ದು ಅಂಕಿಗಳಲ್ಲಿ ಸೊನ್ನೆಯನ್ನು ಚುಕ್ಕೆಯಾಗಿ ಬರೆಯುತ್ತಾರೆ. ಕಾಗದದ ಮೇಲಿನ ಒಂದು ಕಲೆ ನಿನ್ನ ಸಮುದ್ರವನ್ನು ಹತ್ತು ಪಟ್ಟು ಆಳ ಮಾಡಿಬಿಡಬಲ್ಲದು.

ಪ್ರತಿಕ್ರಿಯೆ: ತೊಗರಿಕಣಜ, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳ ಕೆಲಸದ ಫಲವನ್ನು ತಿಳಿಸುತ್ತಿದ್ದೇನೆ. ನೀಲಿ ಲಿಟ್ಮಸ್ ಕಾಗದ ಜಾಡಿಯ ದ್ರವದಲ್ಲಿ ಕ್ಷಣಮಾತ್ರದಲ್ಲಿ ಕೆಂಪಾಯಿತು. ನಕ್ಷತ್ರಮೀನಿನ ಚೂರಿನಲ್ಲಿ ಸುಣ್ಣದ ಚೂರುಗಳು ಧಾರಾಳವಾಗಿ ಸಿಕ್ಕವು, ಆದ್ದರಿಂದ ವಿಧಾನದಲ್ಲಿ ತಪ್ಪಿಲ್ಲ. ಆ ಬಳಿಕ ಕಡಲಸೌತೆಯ ನಾಲ್ಕು ಭಾಗಗಳಿಂದ ಸ್ಲೈಡ್ ಮಾಡಿದೆ. ಹೊಟ್ಟೆಯಲ್ಲಿಯೂ ಬೆನ್ನಿನಲ್ಲಿಯೂ ಏನೂ ಇಲ್ಲ. ಟೆಂಟಕಲ್‌ನಲ್ಲಿ ಕಡ್ಡಿಯಂಥ ಎರಡು ತುಂಡುಗಳು ಸಿಕ್ಕವು. ಅನುಬಂಧದ ಬುಡದ ದಪ್ಪ ಭಾಗದಲ್ಲಿ ನಾಲ್ಕು ತೋಳಿನ 11 ಆಕಾರಗಳು ಕಂಡವು, ಎಲ್ಲದರ ತುದಿಗಳೂ ಸವೆದು ಮೊಂಡಾಗಿವೆ, ಮುಳ್ಳುಗಳಿದ್ದುವೋ ಇಲ್ಲವೋ ಹೇಳಲಾಗದು. ಧ್ರುವೀಕರಣ ಸೂಕ್ಷ್ಮದರ್ಶಕದಲ್ಲಿ ಅವು ಹೊಳೆದವು, ನನ್ನ ಮೊದಲಿನ ಚೌಕ ಹರಳುಗಳು ಕತ್ತಲಾದವು. ಬಿದರಿಯ ಹೋಲಿಕೆ ನಿಜ. ವಿದ್ಯಾರ್ಥಿಗಳು ಸೂಕ್ಷ್ಮದರ್ಶಕ ಬಿಟ್ಟು ಏಳಲೊಲ್ಲರು.

ಅನುಬಂಧದ ಬುಡ ಬೆನ್ನಿನ ಮೇಲೆಯೇ ಇದೆ, ಹಿಂತುದಿಯಿಂದ 6 ಮಿಲಿಮೀಟರ್ ಮುಂದೆ. ಗುದದ್ವಾರ ಅದರ ಕೆಳಗೆ ಬೇರೆಯಾಗಿದೆ.

ಗುರುಗಳೇ, ವರ್ಷದ ಪಕ್ಕದ ಅಕ್ಷರದ ತಲೆಯ ಮೇಲೆ ಚುಕ್ಕೆ ಇದೆ, ಅದು ‘ಫೇ’. ಆಳದ ಸಂಖ್ಯೆಯ ಕೊನೆಯ ಚುಕ್ಕೆ ಮಾತ್ರ ಕಾಗದದ ಹಿಂಬದಿಗೂ ಹಾಯ್ದಿದೆ, ಉಳಿದ ಶಾಯಿ ಹಾಗೆ ಹಾಯ್ದಿಲ್ಲ. 120 ಫ್ಯಾದಮ್ ಎಂದರೆ ಸುಮಾರು 219 ಮೀಟರ್, 1200 ಎಂದರೆ ಸುಮಾರು 2,195 ಮೀಟರ್. ಪ್ರಾಣಿ ಸೈಕ್ರೊಪೋಟೀಸ್ ಆದ್ದರಿಂದ 1200 ಎಂದೇ ತೀರ್ಮಾನಿಸಿ, ಹೆಸರನ್ನು ಸೈಕ್ರೊಪೋಟೀಸ್ ಲಾಂಗಿಕಾಡ ಎಂದು ಬರೆಯಬಹುದೇ? ಇದು ಇನ್ವೆಸ್ಟಿಗೇಟರ್ ಹಡಗಿನ ಸಂಗ್ರಹದಿಂದ ಬಂದಿರಬಹುದೇ ಎಂಬ ಆಸೆಯೂ ಇದೆ.

ಉತ್ತರ: ಕಡಲತಳ

ಆಸೆಯನ್ನು ಜಾಡಿಯ ಹೊರಗಿಡೋಣ. ಚೀಟಿಯಲ್ಲಿ ಹಡಗಿನ ಹೆಸರಿಲ್ಲ, ಆದ್ದರಿಂದ ವಿವರಣೆಯಲ್ಲಿಯೂ ಇರಬಾರದು. 1931-32 ಎಂಬುದು ಪ್ರಾಣಿಯನ್ನು ಹಿಡಿದ ವರ್ಷವೋ ಜಾಡಿಯನ್ನು ದಾಖಲಿಸಿದ ವರ್ಷವೋ ಚೀಟಿಯಿಂದ ತಿಳಿಯುವುದಿಲ್ಲವಾದ್ದರಿಂದ ‘ಚೀಟಿಯ ಮೇಲಿನ ವರ್ಷ’ ಎಂದಷ್ಟೇ ಬರೆಯಬೇಕು.

ಆಳದ ವಿಷಯದಲ್ಲಿ ನೀವು ಮಾಡಹೊರಟದ್ದು ಅನೇಕರು ಮಾಡುವ ತಪ್ಪು. ಇಂದು ಪ್ರಾಣಿಯ ಹೆಸರಿನಿಂದ ಆಳವನ್ನು ತಿದ್ದಿದರೆ, ನಾಳೆ ಇನ್ನೊಬ್ಬರು ಆ ಆಳವನ್ನೇ ತೋರಿಸಿ ಹೆಸರು ಸರಿಯೆನ್ನುತ್ತಾರೆ, ಮತ್ತು ಎರಡಕ್ಕೂ ಆಧಾರ ಕಾಗದದ ಮೇಲಿನ ಒಂದು ಕಲೆಯಾಗಿರುತ್ತದೆ. ಸೈಕ್ರೊಪೋಟೀಸ್ ಬಹಳ ಆಳದ ಕುಲ, 219 ಮೀಟರ್ ಎಂಬುದು ಅದಕ್ಕೆ ಒಗ್ಗದು ಎಂಬುದು ನಿಜವೇ. ಆ ಮಾತಿಗೆ ಟಿಪ್ಪಣಿಯಲ್ಲಿ ಜಾಗವಿದೆ. ಆಳದ ಅಂಕಣದಲ್ಲಿ ‘120 ಅಥವಾ 1200 ಫ್ಯಾದಮ್, ಕೊನೆಯ ಚುಕ್ಕೆ ಅನುಮಾನಾಸ್ಪದ’ ಎಂದೇ ಇರಲಿ.

ಲಾಂಗಿಕಾಡ ಎಂಬ ಹೆಸರಿನ ಅರ್ಥವೇ ಉದ್ದ ಬಾಲದ್ದು. ಉದ್ದ ಎಷ್ಟಿತ್ತೆಂದು ಯಾರಿಗೂ ತಿಳಿಯದ ತುಂಡನ್ನು ಕೈಯಲ್ಲಿ ಹಿಡಿದು ಆ ಹೆಸರನ್ನು ಕೊಡಲು ನನಗಂತೂ ಧೈರ್ಯ ಸಾಲದು. ಈ ಕುಲದ ಜಾತಿಗಳನ್ನು ಬಿಡಿಸುವಾಗ ಅನುಬಂಧದ ಉದ್ದ, ಅದರ ಬುಡ ಹಿಂತುದಿಯಿಂದ ಎಷ್ಟು ದೂರ, ಟೆಂಟಕಲ್‌ಗಳ ಸಂಖ್ಯೆ, ಆಸಿಕಲ್‌ನ ಮುಳ್ಳು ಮತ್ತು ನಡುಮೊನೆಯ ಸ್ವರೂಪ ಇವೆಲ್ಲ ಬೇಕು; ನಿಮ್ಮಲ್ಲಿ ಉಳಿದದ್ದು ಬುಡದ ದೂರವೊಂದೇ. ಇದೂ ಸಾಲದೆಂಬಂತೆ, ಲಾಂಗಿಕಾಡ ಎಂದು ಪ್ರಪಂಚದ ಎಲ್ಲ ಸಾಗರಗಳಿಂದ ದಾಖಲಾದ ಪ್ರಾಣಿಗಳು ಒಂದೇ ಜಾತಿಯಲ್ಲವೆಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ, ಮತ್ತು ಇಷ್ಟು ವರ್ಷ ಫಾರ್ಮಲಿನ್‌ನಲ್ಲಿದ್ದ ಮಾಂಸದಿಂದ ಬಳಸಬಹುದಾದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ಶ್ವಾಸವೃಕ್ಷ (ಮೈಯೊಳಗಿನ ಕವಲೊಡೆದ ಉಸಿರಾಟದ ಅಂಗ) ಇಲ್ಲವೆಂದು ಖಚಿತಪಡಿಸಿಕೊಳ್ಳಲು ಹೊಟ್ಟೆ ಸೀಳುವ ಯೋಚನೆ ಇದ್ದರೆ ಬಿಡಿ. ಅದು ಗಣವನ್ನು ಹೇಳುವ ಲಕ್ಷಣ, ಗಣ ನಮಗೆ ಆಗಲೇ ಗೊತ್ತಾಗಿದೆ, ಮಾದರಿ ಒಂದೇ ಇದೆ. ಸೈಕ್ರೊಪೋಟೀಸ್, ಜಾತಿ ಅನಿರ್ಧಾರಿತ. ಅಲ್ಲಿಗೆ ನಿಲ್ಲಿಸಿ.

ಟೆಂಟಕಲ್‌ಗಳನ್ನು ‘16 ಎಣಿಸಿದೆ, ಎರಡು ಕಡೆ ಹರಿದ ಗುರುತು’ ಎಂದೇ ಬರೆಯಿರಿ, ಕೂಡಿಸಿ 18 ಎಂದು ಬರೆಯಬೇಡಿ. ಬಣ್ಣವನ್ನು ‘ಸಂರಕ್ಷಿತ ಸ್ಥಿತಿಯಲ್ಲಿ’ ಎಂದು ಸೇರಿಸಿ ಬರೆಯಿರಿ. ಅಳತೆಗೂ ಅದೇ ಮಾತು. ಮೈಯೆಲ್ಲ ನೀರೇ ಆಗಿರುವ ಈ ಪ್ರಾಣಿಗಳು ಸಂರಕ್ಷಕ ದ್ರವದಲ್ಲಿ ಬಹಳ ಕುಗ್ಗುತ್ತವೆ. ಉಳಿದ ಆಸಿಕಲ್‌ಗಳಾದರೂ ಉಳಿಯಬೇಕಾದರೆ ಫಾರ್ಮಲಿನ್ ತೆಗೆದು, ನೀರಿನಲ್ಲಿ ನೆನೆಸಿ, 30, 50, 70 ಶೇಕಡಾ ಆಲ್ಕೊಹಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಒಯ್ಯಿರಿ; ಒಮ್ಮೆಲೇ 70ಕ್ಕೆ ಹಾಕಿದರೆ ಸುಕ್ಕಾಗುತ್ತದೆ.

ಕಾನೂನಿನ ಮಾತೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ಕ್ಕೆ (ಷೆಡ್ಯೂಲ್ 1) 2001ರಲ್ಲಿ ಕಡಲಸೌತೆಗಳೆಲ್ಲವನ್ನೂ ಸೇರಿಸಲಾಗಿದೆ. ಆದ್ದರಿಂದ ಮಾದರಿಯನ್ನಾಗಲಿ ಅದರ ಚೂರನ್ನಾಗಲಿ ಅಂಚೆಯಲ್ಲಿ ಯಾರಿಗೂ ಕಳುಹಿಸಬೇಡಿ, ನನಗೂ ಬೇಡ. ಪ್ರಾಂಶುಪಾಲರ ಮೂಲಕ ಅರಣ್ಯ ಇಲಾಖೆಗೆ ಪತ್ರ ಬರೆದು ಜಾಡಿ ಇರುವುದನ್ನು ತಿಳಿಸಿ. ಸ್ಲೈಡುಗಳ ಚಿತ್ರಗಳನ್ನು ಅಳತೆಗೆರೆಯೊಂದಿಗೆ ಇಲ್ಲಿ ಹಾಕಿದರೆ ನೋಡುತ್ತೇನೆ.

ಪ್ರತಿಕ್ರಿಯೆ: ತೊಗರಿಕಣಜ, ಕಲಬುರಗಿ

ಪಟ್ಟಿಗೆ ಮತ್ತು ಜಾಡಿಗೆ ಹೀಗೆ ಬರೆದಿದ್ದೇನೆ, ತಿದ್ದುವುದಿದ್ದರೆ ತಿಳಿಸಿ:

‘ಸೈಕ್ರೊಪೋಟೀಸ್, ಜಾತಿ ಅನಿರ್ಧಾರಿತ. ಮಾದರಿ 1. ಸಂರಕ್ಷಿತ ಉದ್ದ 14.5 ಸೆಂಟಿಮೀಟರ್. ಬೆನ್ನಿನ ಅನುಬಂಧದ ಬುಡ ಹಿಂತುದಿಯಿಂದ 6 ಮಿಲಿಮೀಟರ್ ಮುಂದೆ, ತುದಿ ಹರಿದಿದೆ. ಟೆಂಟಕಲ್ 16 ಎಣಿಸಿದೆ, ಎರಡು ಕಡೆ ಹರಿದ ಗುರುತು. ಆಸಿಕಲ್: ಅನುಬಂಧದ ಬುಡದಲ್ಲಿ ನಾಲ್ಕು ತೋಳಿನವು 11, ಸವೆದಿವೆ, ಟೆಂಟಕಲ್‌ನಲ್ಲಿ ಕಡ್ಡಿಗಳು 2, ಬೆನ್ನು ಮತ್ತು ಹೊಟ್ಟೆಯ ಚೂರುಗಳಲ್ಲಿ ಕಂಡುಬರಲಿಲ್ಲ, ದ್ರವ ಆಮ್ಲೀಯವಾಗಿತ್ತು. ಬಂಗಾಳ ಕೊಲ್ಲಿ. ಚೀಟಿಯ ಮೇಲಿನ ಆಳ 120 ಅಥವಾ 1200 ಫ್ಯಾದಮ್, ಕೊನೆಯ ಚುಕ್ಕೆ ಅನುಮಾನಾಸ್ಪದ. ಚೀಟಿಯ ಮೇಲಿನ ವರ್ಷ ಫಸಲಿ 1341.’

ಉತ್ತರ: ನಿವೃತ್ತ ಶಿಕ್ಷಕ, ಬೀದರ

ಸರಿಯಾಗಿದೆ ತಂಗಿ. ಹಳೆಯ ಚೀಟಿಯನ್ನು ಹೊರಗೆ ತೆಗೆದು ಎಸೆಯಬೇಡ, ಹೊಸದರ ಜೊತೆಗೆ ಒಳಗೇ ಇರಲಿ. ಹೊಸದನ್ನು ಪೆನ್ಸಿಲಿನಲ್ಲಿ ಬರೆ, ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಬಿಟ್ಟುಹೋಗುತ್ತದೆ.